ನಮಗೆ ಹೊಂದುವ ಥೆರಪಿಸ್ಟ್ ಆರಿಸೋದು ಹೇಗೆ? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ

ತುಂಗಾತೀರ (ತೀರ್ಥಹಳ್ಳಿ)

"ಮನಸ್ಸಿಗೆ ಸರಿ ಇಲ್ಲ, ಯಾರ ಹತ್ರ ಹೋಗ್ಲಿ" ಅನ್ನೋ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಬರ್ತಾ ಇದೆ. ಉತ್ತರ ಅಂತ ಬರೋದು ಒಂದು ಹೆಸರು, ಒಂದು ಫೋನ್ ನಂಬರು, ಅಷ್ಟೇ. ಒಬ್ಬರಿಗೆ ಹೊಂದಿದವರು ಇನ್ನೊಬ್ಬರಿಗೂ ಹೊಂದಬೇಕು ಅಂತೇನಿಲ್ಲ. ಅದಕ್ಕೆ ಇಲ್ಲಿ ಹೆಸರು, ನಂಬರು ಬೇಡ. ಆರಿಸೋ ಕ್ರಮ ಗೊತ್ತಿರೋರು ಬರೀರಿ.

ಬೋರ್ಡಿನ ಮೇಲಿರೋ ಡಿಗ್ರಿಗಳಿಗೆ ಎಂತ ಅರ್ಥ? ಮೊದಲ ಫೋನಿನಲ್ಲಿ ಎಂತ ಕೇಳಬೇಕು? ಎಷ್ಟು ಸಲ ಹೋದ ಮೇಲೆ ಇವರು ನಮಗೆ ಆಗ್ತಾರೋ ಇಲ್ಲವೋ ಗೊತ್ತಾಗ್ತದೆ? ಮಳೆಗಾಲ, ಅಡಿಕೆ ಕೊಯ್ಲು, ನೆಟ್‌ವರ್ಕ್ ಎಲ್ಲ ಲೆಕ್ಕಕ್ಕೆ ಹಿಡಿದು ಹೇಳಿ. ಬೆಂಗಳೂರಿನವರಿಗೆ ಬರೆದ ಸಲಹೆ ಹೊಸನಗರದವರಿಗೆ ಅರ್ಧ ಮಾತ್ರ ಹೊಂದ್ತದೆ.

ಹೊಳೆಸಾಲು

ಬೋರ್ಡಿನಿಂದಲೇ ಶುರು ಮಾಡ್ತೇನೆ. "ಡಾ." ಅಂತ ಇದ್ದ ಮಾತ್ರಕ್ಕೆ ಮಾತ್ರೆ ಬರೆಯೋ ವೈದ್ಯರು ಅಂತಲ್ಲ. ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರೂ ಡಾಕ್ಟರೇ.

ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಮಾಡಿದವರು. ಕಾಯಿಲೆ ಯಾವುದು ಅಂತ ಗುರುತಿಸೋದು, ಮಾತ್ರೆ, ರಕ್ತಪರೀಕ್ಷೆ, ಬೇಕಾದ್ರೆ ಆಸ್ಪತ್ರೆಗೆ ಸೇರಿಸೋದು ಇವರ ಕೆಲಸ. ಕೆಲವರು ಥೆರಪಿಯನ್ನೂ, ಅಂದ್ರೆ ಮಾತುಕತೆಯ ಚಿಕಿತ್ಸೆಯನ್ನೂ ಮಾಡ್ತಾರೆ. ಆದರೆ ಓಪಿಡಿ ಸಾಲು ಉದ್ದ ಇರೋ ಕಡೆ ಒಬ್ಬರಿಗೇ 45 ನಿಮಿಷ ಕೊಡೋಕೆ ಆಗೋದಿಲ್ಲ. "ಐದು ನಿಮಿಷ ಮಾತಾಡಿಸಿ ಚೀಟಿ ಬರೆದು ಕಳಿಸಿದ್ರು" ಅಂತ ನೊಂದುಕೊಂಡು ಬರೋರು ಬಹಳ ಸಲ ಥೆರಪಿ ಬೇಕು ಅಂತ ಹೊರಟು ಔಷಧದ ಓಪಿಡಿಯಲ್ಲಿ ಕೂತಿರ್ತಾರೆ. ಚೀಟಿ ಮಾಡಿಸೋವಾಗಲೇ "ಇಲ್ಲಿ ಸೈಕಾಲಜಿಸ್ಟ್ ಇದ್ದಾರಾ, ಯಾವ ದಿನ ಸಿಗ್ತಾರೆ" ಅಂತ ಕೇಳಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯೋ ಹಾಗಿಲ್ಲ. ಅವರದ್ದು ಪರೀಕ್ಷೆ ಮತ್ತು ಥೆರಪಿ. ಸಾಮಾನ್ಯವಾಗಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಎರಡು ವರ್ಷದ ಎಂ.ಫಿಲ್. ಇರ್ತದೆ, ಅದೂ ರೋಗಿಗಳ ಜೊತೆಗೇ ಕೆಲಸ ಮಾಡಿ ಕಲಿಯುವಂಥದ್ದು. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದ್ರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು. 1992ರ ಕಾಯ್ದೆಯ ಪ್ರಕಾರ ಅದು ಕಡ್ಡಾಯ. ಸಿಆರ್‌ಆರ್ ಸಂಖ್ಯೆ, ಅಂದ್ರೆ ಆ ನೋಂದಣಿಯ ಸಂಖ್ಯೆ ಕೇಳಿ, ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ. ಸಂಖ್ಯೆ ಕೇಳಿದ್ದಕ್ಕೆ ಸಿಟ್ಟು ಮಾಡ್ಕೊಂಡ್ರೆ ಅಲ್ಲಿಗೆ ನಿಮ್ಮ ತೀರ್ಮಾನ ಅರ್ಧ ಆದಂತೆಯೇ.

ಆಪ್ತಸಮಾಲೋಚಕರು (ಕೌನ್ಸೆಲರ್) ಅನ್ನೋ ಹೆಸರಿನ ಕೆಳಗೆ ಮಾತ್ರ ಎಲ್ಲಾ ಬಗೆಯವರೂ ಇದ್ದಾರೆ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿ ವರ್ಷಗಟ್ಟಲೆ ಪಳಗಿದವರಿದ್ದಾರೆ, ಸಮಾಜಕಾರ್ಯ ಓದಿ ಮನೋವೈದ್ಯಕೀಯದಲ್ಲಿ ಕೆಲಸ ಮಾಡಿದವರಿದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. 2021ರಲ್ಲಿ ಬಂದ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಇವರನ್ನೂ ಒಳಗೆ ತಂದಿದೆ. ಆದರೂ ಇವರ ವಿಷಯದಲ್ಲಿ ಒಂದು ಸಂಖ್ಯೆ ನೋಡಿ ಸುಮ್ಮನಾಗಬೇಡಿ. ಮೂರು ಕೇಳಿ: ಎಲ್ಲಿ ಓದಿದ್ರಿ, ಓದುವಾಗ ಎಷ್ಟು ತಿಂಗಳು ಯಾರ ಮೇಲ್ವಿಚಾರಣೆಯಲ್ಲಿ ಕೇಸ್ ನೋಡಿದ್ರಿ, ಈಗ ಕಷ್ಟದ ಕೇಸ್ ಬಂದ್ರೆ ಯಾರ ಹತ್ರ ಚರ್ಚೆ ಮಾಡ್ತೀರಿ. ಮೂರನೇದಕ್ಕೆ "ಯಾರೂ ಇಲ್ಲ, ನಾನೇ ನೋಡ್ತೇನೆ" ಅನ್ನೋರ ಬಗ್ಗೆ ಹುಷಾರಾಗಿರಿ.

ಗಾಜನೂರು_ಗೇಟ್

ಹೊಳೆಸಾಲು ಅವರು ಬರೆದದ್ದಕ್ಕೆ ಒಂದು ಸೇರಿಸಬೇಕು. ಎಷ್ಟೇ ಒಳ್ಳೆ ಥೆರಪಿಸ್ಟ್ ಆದ್ರೂ ಮೊದಲು ವೈದ್ಯರ ಹತ್ರ ಹೋಗಬೇಕಾದ ಸಂದರ್ಭಗಳಿವೆ.

ಸದಾ ಸುಸ್ತು, ತೂಕ ಏರುಪೇರು, ಮಂಕು ಇದ್ದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಮೂರನ್ನೂ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದದ್ದು ಖಿನ್ನತೆಯ ಹಾಗೇ ಕಾಣ್ತದೆ, ಅದಕ್ಕೆ ಬರೇ ಮಾತು ಔಷಧ ಅಲ್ಲ.

ನಿದ್ದೆಯೇ ಇಲ್ಲದೆ ನಾಲ್ಕೈದು ದಿನ ಉಮೇದಿನಲ್ಲಿ ಓಡಾಡೋದು, ಕೈಮೀರಿ ಖರ್ಚು, ಇಲ್ಲದ ದನಿ ಕೇಳಿಸೋದು, ಎಲ್ಲರೂ ಸೇರಿ ಮಾಟ ಮಾಡಿಸ್ತಿದ್ದಾರೆ ಅನ್ನೋ ಅಲ್ಲಾಡದ ನಂಬಿಕೆ, ಇವಕ್ಕೆಲ್ಲ ಮೊದಲು ಮನೋವೈದ್ಯರು. ಥೆರಪಿ ಆಮೇಲೆ ಜೊತೆಗೆ.

ಕುಡಿತದ ವಿಷಯದಲ್ಲಿ ತಪ್ಪು ಜೀವಕ್ಕೇ ಬರ್ತದೆ. ದಿನಾ ಬೆಳಿಗ್ಗೆಯಿಂದ ಕುಡಿಯೋರು "ಕೌನ್ಸೆಲಿಂಗ್ ಶುರು ಮಾಡಿದ್ದೀನಿ, ಇವತ್ತಿಂದ ಬಂದ್" ಅಂತ ಮನೆಯಲ್ಲೇ ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಕೈನಡುಕ, ಬೆವರು ಕೆಲವೇ ಗಂಟೆಗಳಲ್ಲಿ ಶುರುವಾಗಿ ಎರಡು-ಮೂರನೇ ದಿನದ ಹೊತ್ತಿಗೆ ಜೋರಾಗಿ, ಭ್ರಮೆಯೂ ಸೇರ್ಕೊಳ್ಳಬಹುದು. ಅದನ್ನು ವೈದ್ಯರ ಉಸ್ತುವಾರಿಯಲ್ಲಿ ಮಾತ್ರೆ ಮತ್ತು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಇಳಿಸಬೇಕು. ಇದನ್ನು ಕೇಳದೇ ನೇರ ಕೌನ್ಸೆಲಿಂಗ್‌ಗೆ ಕೂರಿಸೋರು ನಿಮಗೆ ತಕ್ಕವರಲ್ಲ.

ಮಂಡಗದ್ದೆ_ಹಕ್ಕಿ

ನಮ್ಮ ಜಿಲ್ಲೆಯಲ್ಲಿ ಬಾಗಿಲು ಎಲ್ಲೆಲ್ಲಿವೆ ಅಂತ ಹೇಳಿಬಿಡ್ತೇನೆ. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸಿಮ್ಸ್‌ಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಿಗೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಹಿಂದಿನ ದಿನ ಫೋನ್ ಮಾಡಿ ಕೇಳ್ಕೊಳ್ಳಿ, ಆಶಾ ಕಾರ್ಯಕರ್ತೆಯರಿಗೂ ಗೊತ್ತಿರ್ತದೆ. ಹುಡುಗ-ಹುಡುಗಿಯರಿಗೆ ಯುವ ಸ್ಪಂದನ ಕೇಂದ್ರ ಇದೆ. ಅಲ್ಲಿ ಸಿಗೋದು ಮಾರ್ಗದರ್ಶನ, ಉದ್ದದ ಥೆರಪಿ ಅಲ್ಲ. ಆದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸ್ತಾರೆ. ಜಿಲ್ಲೆಯ ಹೊರಗೆ ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಎರಡೂ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆಗಳು.

ಫೋನಿನಲ್ಲಿ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. 2022ರ ಅಕ್ಟೋಬರ್ 10ರಿಂದ ಇದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಥೆರಪಿಸ್ಟ್ ಹುಡುಕೋಕೆ ವಾರಗಟ್ಟಲೆ ಹಿಡೀಬಹುದು. ಆ ನಡುವಿನ ವಾರಗಳಿಗೆ ಈ ನಂಬರು ಫೋನಿನಲ್ಲಿ ಇಟ್ಕೊಳ್ಳಿ. ಜೀವ ಕಳ್ಕೊಳ್ಳೋ ಯೋಚನೆ ಬರ್ತಿದ್ರೆ "ಹೊಂದುವವರು" ಸಿಗೋ ತನಕ ಕಾಯೋದು ಬೇಡವೇ ಬೇಡ. ಯಾರು ಹತ್ತಿರ ಸಿಗ್ತಾರೋ ಅವರ ಹತ್ರ ಅವತ್ತೇ ಹೋಗಬೇಕು.

ಈ ಊರಿಗೆ ಮನೋವೈದ್ಯರು ಹೊಸಬರಲ್ಲ ಅನ್ನೋದೂ ಒಂದು ಅನುಕೂಲ. ದಿವಂಗತ ಡಾ. ಅಶೋಕ್ ಪೈ ಅವರು ಶಿವಮೊಗ್ಗದಲ್ಲೇ ಇದ್ದು ಕನ್ನಡದಲ್ಲಿ ಈ ವಿಷಯ ಮಾತಾಡಿ, ಬರೆದು ಜನಕ್ಕೆ ಮುಟ್ಟಿಸಿದವರು. ಮನೆಯ ಹಿರಿಯರಿಗೆ ಹೇಳೋವಾಗ ಆ ಹೆಸರಿಂದ ಮಾತು ಶುರು ಮಾಡಿದ್ರೆ ಸುಲಭ ಆಗ್ತದೆ.

ಜೇನುಗೂಡು (ಸಾಗರ)

ಮೊದಲ ಫೋನಿನ ಬಗ್ಗೆ ನಾನು ಬರೀತೇನೆ. ರಿಸೆಪ್ಷನ್‌ನವರು ಎತ್ತಿದ್ರೆ "ಥೆರಪಿಸ್ಟ್ ಹತ್ರ ಐದು ನಿಮಿಷ ಮಾತಾಡ್ಬೇಕಿತ್ತು, ಎಷ್ಟೊತ್ತಿಗೆ ಮಾಡ್ಲಿ" ಅಂತ ಕೇಳಿ. ಅವರು ಸಿಕ್ಕಾಗ ಕತೆ ಪೂರ್ತಿ ಬಿಚ್ಚಬೇಡಿ. ಹೀಗೆ ಹೇಳಿ ಸಾಕು: "ಮೂರು ತಿಂಗಳಿಂದ ಬಸ್ ಹತ್ತಿದ್ರೆ ಎದೆ ಹೊಡ್ಕೊಳ್ತದೆ, ಸತ್ತೇ ಹೋಗ್ತೀನಿ ಅನ್ನಿಸ್ತದೆ. ಇಸಿಜಿ ಸರಿ ಇದೆ ಅಂದಿದ್ದಾರೆ. ಪೇಟೆಗೆ ಹೋಗೋದೇ ನಿಂತಿದೆ."

ಆಮೇಲೆ ಕೇಳಿ. ಇಂಥದ್ದು ನೋಡ್ತೀರಾ? ನಿಮ್ಮ ಕ್ರಮ ಏನು? ಎಷ್ಟು ಸಲ ಬರಬೇಕಾಗ್ಬಹುದು? ಒಂದು ಸಲಕ್ಕೆ ಎಷ್ಟು ನಿಮಿಷ, ಎಷ್ಟು ಫೀಸು? ಬರೋಕಾಗದಿದ್ರೆ ಎಷ್ಟು ಮುಂಚೆ ತಿಳಿಸ್ಬೇಕು?

ಈ ತೊಂದರೆಗೆ ಕ್ರಮ ಗೊತ್ತಿರೋರ ಉತ್ತರ ಹೀಗಿರ್ತದೆ: "ಎದೆ ಯಾಕೆ ಹೊಡ್ಕೊಳ್ತದೆ ಅಂತ ಮೊದಲು ಅರ್ಥ ಮಾಡಿಸ್ತೇನೆ. ಆಮೇಲೆ ಆ ಎದೆಬಡಿತವನ್ನೇ ಇಲ್ಲಿ ಕೋಣೆಯಲ್ಲಿ ಬೇಕಂತ ತರಿಸಿ, ಅದರಿಂದ ಅಪಾಯ ಇಲ್ಲ ಅಂತ ನಿಮಗೇ ಗೊತ್ತಾಗೋ ಹಾಗೆ ಮಾಡ್ತೇವೆ. ಬಸ್ಸಿಗೆ ಒಂದು ಸ್ಟಾಪ್, ಎರಡು ಸ್ಟಾಪ್ ಅಂತ ಹೋಗೋಣ. ಹನ್ನೆರಡು ಸಲದ ಆಸುಪಾಸು ಆಗಬಹುದು." ಕ್ರಮ ಇಲ್ಲದವರದ್ದು: "ಬನ್ನಿ, ಎಲ್ಲಾ ಸರಿ ಮಾಡ್ತೇನೆ." ಎರಡನೇದು ಕೇಳೋಕೆ ಹಿತ. ಆದರೆ ಅದರಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ.

ದುಡ್ಡಿನ ಲೆಕ್ಕ ಮೊದಲೇ ಹಾಕಿ. ಫೀಸು 800, ಬಸ್ಸು-ಊಟಕ್ಕೆ 300 ಅಂತಿಟ್ಟುಕೊಂಡ್ರೆ 12 ಸಲಕ್ಕೆ 13,200. ಜೊತೆಗೆ ಒಬ್ಬರು ಬಂದ್ರೆ ಅವರ ಬಸ್ಸು, ಅವರ ಒಂದು ದಿನದ ಕೆಲಸ. ನಾಲ್ಕನೇ ಸಲಕ್ಕೆ ದುಡ್ಡು ಮುಗಿದು ಅರ್ಧಕ್ಕೆ ನಿಲ್ಲೋದಕ್ಕಿಂತ ಮೊದಲ ದಿನವೇ ಹೇಳಿ, "ನನ್ನ ಹತ್ರ ಇಷ್ಟೇ ಇದೆ, ನಾಲ್ಕು ಸಲ ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು ಮಾಡಬಹುದಾ?" ಮಾಡಬಹುದು. ನಡುವೆ ಮನೆಯಲ್ಲಿ ಮಾಡೋ ಅಭ್ಯಾಸ ಜಾಸ್ತಿ ಕೊಡ್ತಾರೆ. ಕೊಯ್ಲು, ಸುಲಿತ ಶುರುವಾದ್ಮೇಲೆ ಶುರು ಮಾಡೋದಾದ್ರೆ ಇದನ್ನೂ ಹೇಳಿಡಿ. ಸುಲಿಯೋ ಕಾಲದಲ್ಲಿ ಸತತ ಮೂರು ವಾರ ತಪ್ಪಿದ್ರೆ ಥೆರಪಿ ಮತ್ತೆ ಹಿಂದೆ ಬೀಳಬಹುದು.

ಹೆಬ್ಬಾಗಿಲು

ಇಲ್ಲಿ ಯಾರೂ ಎತ್ತದ ವಿಷಯ: "ಯಾವ ಊರು? ಯಾರ ಮನೆ?" ನಮ್ಮ ಕಡೆ ಇಬ್ಬರು ಭೇಟಿಯಾದ್ರೆ ಇದೇ ಮೊದಲ ಪ್ರಶ್ನೆ. ಎರಡು ನಿಮಿಷದಲ್ಲಿ ನೆಂಟಸ್ತಿಕೆ ಹೊರಡ್ತದೆ. ಥೆರಪಿ ಕೋಣೆಯಲ್ಲಿ ಅದೇ ತೊಡಕು. ಅವರು ನಿಮ್ಮ ಅತ್ತಿಗೆಯ ತವರಿನ ಕಡೆಯವರು ಅಂತ ಗೊತ್ತಾದ ಕ್ಷಣದಿಂದ ನೀವು ಅತ್ತಿಗೆ ಬಗ್ಗೆ ಮಾತಾಡೋದು ನಿಲ್ಲಿಸ್ತೀರಿ. ಬೇಕಂತ ಅಲ್ಲ, ತಾನಾಗೇ.

ಅದಕ್ಕೆ ಫೋನಿನಲ್ಲೇ ಹೇಳಿ, "ನಮ್ಮದು ಇಂಥ ಊರು, ನಿಮಗೆ ನಮ್ಮ ಮನೆಯವರ ಪರಿಚಯ ಇದೆಯಾ?" ಇದ್ದರೆ ಬೇರೆಯವರ ಹೆಸರು ಅವರೇ ಸೂಚಿಸಬೇಕು. ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ, ಸೊರಬದವರು ಸಾಗರಕ್ಕೆ ಅಂತ ಒಂದು ತಾಲೂಕು ದಾಟೋದು ಈ ಕಾರಣಕ್ಕೇ ಒಳ್ಳೇದು. ಬಸ್ಸಿನ ಒಂದೆರಡು ಗಂಟೆ ಹೆಚ್ಚಾದ್ರೂ ಬಾಯಿ ಬಿಚ್ಚಿ ಮಾತಾಡೋಕೆ ಆಗ್ತದೆ.

ಇನ್ನೊಂದು ಪ್ರಶ್ನೆ ಮೊದಲ ದಿನವೇ ಕೇಳಿ: "ಮದುವೆ ಮನೆಯಲ್ಲೋ ಸಂತೆಯಲ್ಲೋ ಎದುರು ಸಿಕ್ಕಿದ್ರೆ ಎಂತ ಮಾಡ್ತೀರಿ?" ಕಸುಬು ಗೊತ್ತಿರೋರು "ನೀವಾಗೇ ಮಾತಾಡಿಸಿದ್ರೆ ಮಾತ್ರ ಮಾತಾಡ್ತೇನೆ, ಹೇಗೆ ಪರಿಚಯ ಅಂತ ಯಾರಿಗೂ ಹೇಳೋದಿಲ್ಲ" ಅಂತಾರೆ.

ಗೌಪ್ಯತೆ ಅವರ ದೊಡ್ಡತನ ಅಲ್ಲ, ನಿಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭ ಬಿಟ್ಟು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದ್ರೆ ಪೋಕ್ಸೋ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು. ಈ ಮಿತಿಗಳನ್ನು ಮೊದಲ ಸಲವೇ, ನೀವು ಕೇಳೋ ಮುಂಚೆ ಹೇಳೋರು ಸಿಕ್ಕಿದ್ರೆ ಒಳ್ಳೆ ಲಕ್ಷಣ.

ಮಲ್ಲಿಗೆಬಳ್ಳಿ

ಹೆಬ್ಬಾಗಿಲು ಅವರೇ, ಹೆಂಗಸರ ಕಡೆಯಿಂದ ಒಂದು ಮಾತು. ಗಂಡನೋ ಅತ್ತೆಯೋ ಜೊತೆಗೆ ಬಂದು ಒಳಗೂ ಕೂರ್ತಾರೆ. ಥೆರಪಿಸ್ಟ್ ಆದವರು "ಈಗ ಇವರ ಜೊತೆ ಒಬ್ಬರೇ ಮಾತಾಡ್ತೇನೆ, ನೀವು ಹೊರಗೆ ಕೂತಿರಿ" ಅಂತ ತಾವಾಗೇ ಹೇಳಬೇಕು. ಹೇಳದಿದ್ರೆ ಫೋನಿನಲ್ಲೇ ಮೊದಲು ಕೇಳ್ಕೊಂಡಿರಿ, "ನನಗೆ ಒಬ್ಬಳಿಗೇ ಸಮಯ ಬೇಕು, ಅದನ್ನು ನೀವೇ ಹೇಳ್ತೀರಾ?" ಕರ್ಕೊಂಡು ಬಂದವರನ್ನು ಆಮೇಲೆ ಒಳಗೆ ಕರೆದು, ನೀವು ಹೇಳಿದ್ದನ್ನೆಲ್ಲ ಒಪ್ಪಿಸೋರ ಹತ್ರ ಎರಡನೇ ಸಲ ಹೋಗಬೇಡಿ.

ಶರಾವತಿ_ಎಡದಂಡೆ

"ಹೊಂದೋದು" ಅಂದ್ರೆ ಎಂತ ಅನ್ನೋದು ಮುಖ್ಯ ಪ್ರಶ್ನೆ. ಹಿತವಾಗಿ ಮಾತಾಡಿದ್ರು, ಹೊರಗೆ ಬಂದಾಗ ಹಗುರ ಆಯ್ತು, ಅಷ್ಟಕ್ಕೇ ಹೊಂದಿತು ಅಂತಲ್ಲ. ಆಪ್ತ ಗೆಳತಿಯ ಹತ್ರ ಅತ್ತರೂ ಹಗುರ ಆಗ್ತದೆ. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಅನ್ನೋ ಮನಃಶಾಸ್ತ್ರಜ್ಞ ಇದನ್ನು ಮೂರು ಭಾಗ ಮಾಡಿ ಹೇಳಿದ: ಇಬ್ಬರ ಗುರಿ ಒಂದೇನಾ, ಅದಕ್ಕೆ ಮಾಡೋ ಕೆಲಸದ ಬಗ್ಗೆ ಒಪ್ಪಿಗೆ ಇದೆಯಾ, ನಡುವೆ ನಂಬಿಕೆ ಇದೆಯಾ. ಮೂರೂ ಬೇಕು. ನಮ್ಮಲ್ಲಿ ಹೆಚ್ಚಾಗಿ ಮುರಿಯೋದು ಮೊದಲನೇದು. ನಿಮಗೆ ನಿದ್ದೆ ಬರಬೇಕು, ತೋಟದ ಕೆಲಸಕ್ಕೆ ಏಳೋ ಹಾಗಾಗಬೇಕು. ಅವರು ಬಾಲ್ಯದ ಬಗ್ಗೆ ಐದು ಸಲ ಕೇಳ್ತಾ ಇದ್ದಾರೆ. ಇಬ್ಬರೂ ಒಳ್ಳೆಯವರೇ. ಗುರಿ ಮಾತ್ರ ಬೇರೆ.

ಅಳೆಯೋಕೆ ಸುಲಭದ ದಾರಿ ಇದೆ. ಪ್ರತಿ ಸಲ ಬಸ್ ಸ್ಟ್ಯಾಂಡಿಗೆ ಬಂದು ಕೂತಾಗ ನಾಲ್ಕು ಪ್ರಶ್ನೆಗೆ ಹತ್ತಕ್ಕೆ ಎಷ್ಟು ಅಂತ ಬರ್ಕೊಳ್ಳಿ. ನನ್ನ ಮಾತು ಕೇಳಿಸಿಕೊಂಡ್ರಾ? ನನಗೆ ಬೇಕಾದ ವಿಷಯವೇ ಮಾತಾಡಿದೆವಾ? ಅವರ ಕ್ರಮ ನನಗೆ ಒಗ್ಗುತ್ತಾ? ಒಟ್ಟಾರೆ ಇವತ್ತು ಸರಿ ಇತ್ತಾ? ಥೆರಪಿಸ್ಟ್‌ಗಳು ಬಳಸೋ ಒಂದು ಅಳತೆಪಟ್ಟಿಯೂ ಇದೇ ನಾಲ್ಕರ ಮೇಲೆ ನಿಂತಿದೆ. ಅದರಲ್ಲಿ 40ಕ್ಕೆ 36ಕ್ಕಿಂತ ಕೆಳಗೆ ಬಂದ್ರೆ ಮಾತಾಡಬೇಕಾದ ವಿಷಯ ಏನೋ ಇದೆ ಅಂತ ಲೆಕ್ಕ. ಜನ ಮುಲಾಜಿಗೆ ಜಾಸ್ತಿ ಅಂಕ ಕೊಡ್ತಾರೆ ಅಂತಲೇ ಗೆರೆ ಅಷ್ಟು ಮೇಲಿದೆ.

ಜೊತೆಗೆ ತೊಂದರೆ ಇಳೀತಾ ಇದೆಯಾ ಅಂತಲೂ ನೋಡಿ. ಖಿನ್ನತೆಗೆ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆ ಇದೆ, 0ಯಿಂದ 27. 10 ಮುಟ್ಟಿದ್ರೆ ಮಧ್ಯಮ, 20 ಮುಟ್ಟಿದ್ರೆ ತೀವ್ರ. ಎರಡು ವಾರಕ್ಕೊಮ್ಮೆ ತುಂಬಿ, ಚೀಟಿ ತೆಗೆದಿಟ್ಕೊಳ್ಳಿ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಬಂದ್ರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ಥೆರಪಿಸ್ಟ್‌ಗೋ 14416ಕ್ಕೋ ಫೋನ್ ಮಾಡಿ.

ನನ್ನ ಅಂದಾಜು ಇಷ್ಟು: ಮೂರನೇ ಸಲದ ಹೊತ್ತಿಗೆ ಗುರಿ ಮತ್ತು ಯೋಜನೆ ಬಾಯಲ್ಲಿ ಹೇಳೋಕೆ ಬರಬೇಕು. ಆರನೇ ಸಲದ ಹೊತ್ತಿಗೆ ಚೂರಾದ್ರೂ ವ್ಯತ್ಯಾಸ ಕಾಣಬೇಕು. ಕಾಣದಿದ್ರೆ ಬಿಡಿ ಅಂತಲ್ಲ, ಯೋಜನೆ ಬದಲಿಸಿ ಅಂತ ಕೇಳಿ.

ಕಾಡುಜಾಜಿ

ಶರಾವತಿ ಅವರು ಹೇಳಿದ ಎರಡನೇ ಭಾಗ, "ಮಾಡೋ ಕೆಲಸ", ಗೀಳು ಕಾಯಿಲೆಯಲ್ಲಿ (ಒಸಿಡಿ) ಎಷ್ಟು ಮುಖ್ಯ ಅಂತ ತೋರಿಸ್ತೇನೆ. ಯಾಕಂದ್ರೆ ಮಲೆನಾಡಿನಲ್ಲಿ ಇದಕ್ಕೆ ಮಡಿ-ಮೈಲಿಗೆ ಸೇರ್ಕೊಳ್ತದೆ.

ಬಚ್ಚಲಲ್ಲಿ ಕೈ ತೊಳೆಯೋಕೆ ನಿಂತವರು ನಲವತ್ತು ನಿಮಿಷ ಆದ್ರೂ ಬರ್ತಾ ಇಲ್ಲ. ಮನೆಯವರು "ಮಡಿ ಜಾಸ್ತಿ" ಅಂತಾರೆ. ವ್ಯತ್ಯಾಸ ಇಲ್ಲಿದೆ: ಮಡಿ ಮಾಡೋ ಅಜ್ಜಿಗೆ ಒಂದು ಸ್ನಾನ ಆದ್ರೆ ಮುಗೀತು, ನೆಮ್ಮದಿಯಾಗಿ ಒಲೆ ಮುಂದೆ ಕೂರ್ತಾರೆ. ಗೀಳಿನವರಿಗೆ ಮುಗಿಯೋದೇ ಇಲ್ಲ. ಚೊಂಬಿನ ಕಂಠ ತೊಳೆದೆನಾ, ನಲ್ಲಿ ಮುಟ್ಟಿದ ಕೈ ಮತ್ತೆ ಮೈಲಿಗೆ ಆಯ್ತಾ, ಪುನಃ ಶುರು. ಈ ವ್ಯತ್ಯಾಸ ಕಾಣದ ಥೆರಪಿಸ್ಟ್ ಎರಡು ತಪ್ಪಲ್ಲಿ ಒಂದು ಮಾಡ್ತಾರೆ. ಮನೆಯ ಆಚಾರವನ್ನೇ ರೋಗ ಅಂತಾರೆ, ಇಲ್ಲವೇ ರೋಗವನ್ನು ಆಚಾರ ಅಂತ ಬಿಟ್ಟುಬಿಡ್ತಾರೆ.

ಇದಕ್ಕೆ ಕೆಲಸ ಮಾಡೋ ಕ್ರಮದ ಹೆಸರು ಇಆರ್‌ಪಿ, ಅಂದ್ರೆ ಭಯವನ್ನು ಎದುರಿಸಿ, ಗೀಳಿನ ಕೆಲಸ ಮಾಡದೆ ತಡ್ಕೊಳ್ಳೋದು. ಭಯ ಹುಟ್ಟಿಸೋ ಸಂಗತಿಗಳನ್ನು 0ಯಿಂದ 100ರವರೆಗೆ ಸಾಲಾಗಿ ಬರೀತಾರೆ. ಬಾಗಿಲ ಚಿಲಕ 30, ಹೊರಗಿನ ಚಪ್ಪಲಿ 60, ಬಸ್ಸಿನ ಕಂಬಿ 80 ಅಂತ. 30ರದ್ದನ್ನು ಮುಟ್ಟಿ ತೊಳೆಯದೆ ಕೂರಬೇಕು. ಮೊದಲು ಆತಂಕ ಏರ್ತದೆ. ತೊಳೆಯದೇ ಇದ್ರೂ ಕೇಡು ಆಗೋದಿಲ್ಲ, ಆ ಆತಂಕವನ್ನು ತಡ್ಕೊಳ್ಳಬಹುದು ಅಂತ ಗೊತ್ತಾಗೋದೇ ಚಿಕಿತ್ಸೆ. ಅದಕ್ಕೆ ಇಲ್ಲಿ ಮೊದಮೊದಲು ಕಷ್ಟ ಅನ್ನಿಸಿದ್ರೆ ಥೆರಪಿಸ್ಟ್ ಹೊಂದಲಿಲ್ಲ ಅಂತಲ್ಲ. "ಏನೂ ಆಗೋದಿಲ್ಲ, ಧೈರ್ಯ ತಗೊಳ್ಳಿ" ಅಂತ ಪ್ರತಿ ಸಲ ಸಮಾಧಾನ ಹೇಳಿ ಕಳಿಸೋರ ಹತ್ರ ಹಿತ ಅನ್ನಿಸ್ತದೆ, ಆದರೆ ಆ ಸಮಾಧಾನವೇ ಇನ್ನೊಂದು ಗೀಳಾಗ್ತದೆ. ನಾಳೆ ಮತ್ತೆ ಕೇಳಬೇಕು ಅನ್ನಿಸ್ತದೆ.

ಕೆಳದಿ_ಕೆರೆ

ಸಾಗರ, ಸೊರಬದ ಕಡೆ ಬಹಳ ಮನೆಯವರು ನಿಮಿತ್ತ ಕೇಳಿಸಿ, ಹರಕೆ ಹೊತ್ತು ಆಮೇಲೆ ಬರ್ತಾರೆ. ಅದನ್ನು ಥೆರಪಿಸ್ಟ್ ಹತ್ರ ಮುಚ್ಚಿಡಬೇಡಿ. ನಕ್ಕರೆ, ಬೈದರೆ ಅವರು ನಿಮಗಲ್ಲ. "ಸರಿ, ಅಲ್ಲಿ ಏನು ಹೇಳಿದ್ರು, ನಿಮಗೆ ಏನನ್ನಿಸ್ತು" ಅಂತ ಕೇಳೋರಿಗೆ ನಿಮ್ಮ ಮನಸ್ಸಿನ ದಾರಿ ಸಿಗ್ತದೆ. ಹಾಗಂತ ಅವರೇ ಜಾತಕ ನೋಡಿ ಪರಿಹಾರ ಹೇಳೋಕೆ ಶುರು ಮಾಡಿದ್ರೆ ಅದೂ ಥೆರಪಿ ಅಲ್ಲ. "ಮದುವೆ ಮಾಡಿ, ಸರಿಹೋಗ್ತದೆ" ಅನ್ನೋದು ಕೂಡ.

ಮಳೆನಾಡು_ಟವರ್

ಆನ್‌ಲೈನ್ ಬಗ್ಗೆ. ವಿಡಿಯೋನೇ ಬೇಕು ಅಂತಿಲ್ಲ, ಫೋನಿನಲ್ಲೂ ಥೆರಪಿ ನಡೀತದೆ. ಆದರೆ ಮೊದಲೇ ಒಪ್ಪಂದ ಆಗಬೇಕು: ಕರೆ ಕಟ್ ಆದ್ರೆ ಯಾರು ತಿರುಗಿ ಮಾಡೋದು, ಎಷ್ಟು ನಿಮಿಷ ಕಾಯೋದು, ಕರೆಂಟ್ ಹೋಗಿ ಪೂರ್ತಿ ತಪ್ಪಿದ್ರೆ ಫೀಸು ಎಂತ. ಜೂನ್‌ನಿಂದ ಸೆಪ್ಟೆಂಬರ್ ಇದು ದಿನನಿತ್ಯದ ಸಮಸ್ಯೆ. ಅಳು ಬಂದ ಹೊತ್ತಿಗೇ ಲೈನ್ ಹೋಗಿ ಅರ್ಧ ಗಂಟೆ ಒಬ್ಬರೇ ಕೂರೋ ಹಾಗಾಗಬಾರದು.

ಜಾಗವೂ ನೋಡ್ಕೊಳ್ಳಿ. ಹಳೆ ಮನೆಗಳಲ್ಲಿ ಹಲಗೆಯ ಮಾಳಿಗೆ, ಮೇಲೆ ಮಾತಾಡಿದ್ದು ಜಗಲಿಗೆ ಕೇಳಿಸ್ತದೆ. ನಿಲ್ಲಿಸಿದ ಕಾರಿನೊಳಗೆ, ತೋಟದ ಪಂಪ್‌ಶೆಡ್ಡಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂರಬಹುದು. ಕರೆ ಶುರುವಾದಾಗ "ಈಗ ಹತ್ತಿರ ಯಾರಾದ್ರೂ ಇದ್ದಾರಾ" ಅಂತ ಕೇಳೋ ಥೆರಪಿಸ್ಟ್ ಕೆಲಸ ಬಲ್ಲವರು. ನೀವಿರೋ ಜಾಗದ ವಿಳಾಸ, ಹತ್ತಿರದವರೊಬ್ಬರ ನಂಬರು ತಗೊಳ್ಳೋದೂ ಹಾಗೇ. ತುರ್ತಿಗೆ ಬೇಕಾಗ್ತದೆ.

ಗಾಜನೂರು_ಗೇಟ್

ಎದ್ದು ಬರಬೇಕಾದ ಲಕ್ಷಣ ಒಂದಷ್ಟು. ಇಂತಿಷ್ಟು ಸಲದಲ್ಲಿ ಗುಣ ಗ್ಯಾರಂಟಿ ಅನ್ನೋದು. ಮೊದಲ ದಿನವೇ 20 ಸಲದ ಪ್ಯಾಕೇಜಿನ ದುಡ್ಡು ಪೂರ್ತಿ ಕೇಳೋದು. ನಿಮ್ಮ ಸಮಯದಲ್ಲಿ ಮೊಬೈಲ್ ನೋಡೋದು. ಮೈ ಮುಟ್ಟೋದು, ಹೊರಗೆ ಭೇಟಿಯಾಗೋಣ ಅನ್ನೋದು. ಇನ್ನೊಬ್ಬರ ಕತೆಯನ್ನು ಊರಿನ ಗುರುತು ಸಿಗೋ ಹಾಗೆ ನಿಮಗೆ ಹೇಳೋದು, ಅಂದ್ರೆ ನಾಳೆ ನಿಮ್ಮದೂ ಹೋಗ್ತದೆ.

ಎಲ್ಲಕ್ಕಿಂತ ಅಪಾಯದ್ದು "ಮಾತ್ರೆ ಎಲ್ಲಾ ನಿಲ್ಲಿಸಿ, ನನ್ನ ಥೆರಪಿ ಸಾಕು" ಅನ್ನೋದು. ಆತಂಕಕ್ಕೆ ಅಂತ ಬಹಳ ದಿನದಿಂದ ತಗೊಳ್ತಿದ್ದ ಕ್ಲೋನಾಜೆಪಾಮ್ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಬೈಪೋಲಾರ್ ಕಾಯಿಲೆಗೆ ಕೊಡೋ ಲಿಥಿಯಂ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಬರೆದ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ. ಹೊಂದ್ತಾ ಇಲ್ಲ ಅಂತ ಖಾತ್ರಿ ಆದ್ರೆ ಹೇಳೋದು ಹೇಗೆ? ನಮ್ಮ ಕಡೆ ಮುಖದ ಮೇಲೆ ಹೇಳೋಕೆ ಆಗೋದಿಲ್ಲ ಮಾರಾಯ್ರೆ. ಸುಮ್ಮನೆ ಹೋಗೋದು ನಿಲ್ಲಿಸಿಬಿಡ್ತಾರೆ.

ಶರಾವತಿ_ಎಡದಂಡೆ

ಸುಮ್ಮನೆ ನಿಲ್ಲಿಸಿದ್ರೆ ನಷ್ಟ ನಿಮಗೇ. ಬಿಡೋ ಮುಂಚೆ ಒಂದೇ ಒಂದು ಸಲ ಹೇಳಿ ನೋಡಿ: "ಹೋದ ಸಲ ನೀವು ಹೇಳಿದ ಇಂಥ ಮಾತು ನನಗೆ ಚುಚ್ಚಿತು" ಅಂತಲೋ, "ನನಗೆ ನಿದ್ದೆ ಮುಖ್ಯ, ನಾವು ಅದಕ್ಕೆ ಬರ್ತಾನೇ ಇಲ್ಲ" ಅಂತಲೋ. ಬಾಯಲ್ಲಿ ಬಾರದಿದ್ರೆ ಚೀಟಿಯಲ್ಲಿ ಬರೆದು, ಶುರುವಿನಲ್ಲೇ ಕೈಗೆ ಕೊಡಿ. ಏಳೋ ಹೊತ್ತಿಗೆ ಕೊಟ್ರೆ ಮಾತಾಡೋಕೆ ಸಮಯ ಇರೋದಿಲ್ಲ. ಕೇಳಿಸಿಕೊಂಡು ದಾರಿ ಬದಲಿಸಿದ್ರೆ ಉಳೀರಿ. ಎಷ್ಟೋ ಸಲ ಆ ಚೀಟಿ ಆದ ಮೇಲೆಯೇ ನಿಜವಾದ ಕೆಲಸ ಶುರುವಾಗ್ತದೆ. ತಮ್ಮದೇ ಸರಿ ಅಂತ ವಾದಕ್ಕೆ ನಿಂತ್ರೆ, ನಿಮಗೇ ಮನಸ್ಸಿಲ್ಲ ಅಂತ ದೂರಿದ್ರೆ, ಬಿಡಿ.

ಬಿಡೋದಕ್ಕೆ ಮೆಸೇಜ್ ಸಾಕು: "ಮುಂದೆ ಬೇರೆಯವರ ಹತ್ರ ಹೋಗ್ತಿದ್ದೇನೆ. ಇದುವರೆಗಿನ ಪರೀಕ್ಷೆ, ಚಿಕಿತ್ಸೆಯ ಸಾರಾಂಶ ಒಂದು ಪುಟದಲ್ಲಿ ಬರೆದುಕೊಡಿ." ನಿಮ್ಮ ದಾಖಲೆ ಕೇಳೋ ಹಕ್ಕು ಅದೇ 2017ರ ಕಾಯ್ದೆಯಲ್ಲಿದೆ. ಆ ಪುಟ, ಮಾತ್ರೆ ಚೀಟಿಗಳು, ನೀವು ತುಂಬಿಟ್ಟ ಪಿಎಚ್‌ಕ್ಯೂ-9, ಬಸ್ ಸ್ಟ್ಯಾಂಡಿನಲ್ಲಿ ಬರೆದ ಅಂಕಗಳು, ಎಲ್ಲಾ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ. ಮಳೆಯಲ್ಲಿ ನೆನೆಯಬಾರದು. ಹೊಸಬರ ಮುಂದೆ ಕೂತಾಗ ಮೊದಲು ಆ ಫೈಲು ಕೊಟ್ಟು ಹೇಳಿ, "ಇದುವರೆಗೆ ಇದು ಉಪಯೋಗ ಆಗಿದೆ, ಇದು ಆಗಿಲ್ಲ."